ಹೊಳೆಗೆ ಬಿಟ್ಟ ಸ್ವೆಟರು

ಹೋದ ವಾರ ಬಾದಾಮಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಗಂಡನ ಸ್ವೆಟರು ನಿಂತುಕೊಂಡು ಚಹಾ ಕುಡಿಯುತ್ತಿತ್ತು.

ನನ್ನವರು ತೀರಿಕೊಂಡಿದ್ದು ಈ ಅಂಕಣ ಓದುವ ನಿಮಗೆ ಗೊತ್ತು. ಲಾಕ್‌ಡೌನ್ ಮುಗಿದ ಮೇಲಿನ ಮಳೆಗಾಲ. ಊಟ ಮುಗಿಸಿ ಕುರ್ಚಿಗೆ ಒರಗಿದವರು ಏಳಲೇ ಇಲ್ಲ. ಸ್ವೆಟರು ಅವರದೇ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಹೆಣೆದವಳು ನಾನು. ಕಡುಹಸಿರು ಉಣ್ಣೆ ಬಲತೋಳಿಗೆ ಸಾಲಲಿಲ್ಲ. ಊರೆಲ್ಲ ಹುಡುಕಿದರೂ ಅದೇ ಬಣ್ಣ ಸಿಗಲಿಲ್ಲ. ಕೊನೆಗೆ ತೋಳಿನ ತುದಿಗೆ ಗಿಣಿಹಸಿರು ಹಾಕಿ ಮುಗಿಸಿದ್ದೆ. (ಕೇಳಿದವರಿಗೆಲ್ಲ ಅವರು ‘ಇದು ಡಿಸೈನ್’ ಎನ್ನುತ್ತಿದ್ದರು.)

ಅಂಥ ಸ್ವೆಟರು ಎರಡು ಇರಲು ಸಾಧ್ಯವೇ?

ಬಾದಾಮಿಗೆ ನಾನು ಹೋಗಿದ್ದು ಒಂದು ಸೆಮಿನಾರಿಗೆ. ವಿಷಯ ಸರ್ಕ್ಯುಲರ್ ಎಕಾನಮಿ. ಬಳಸಿದ್ದನ್ನು ಬಿಸಾಡದೆ ಮತ್ತೆ ಮತ್ತೆ ಬಳಕೆಗೆ ತರುವ ವ್ಯವಸ್ಥೆ ಅನ್ನಿ. ಕಾಮರ್ಸ್ ಕಲಿಸುವವಳಲ್ಲವೇ, ಕರೆದಿದ್ದರು. ಆರ್ಥಿಕ ಬಿಕ್ಕಟ್ಟಿನಷ್ಟು ಒಳ್ಳೆಯ ಮೇಷ್ಟ್ರು ಇಲ್ಲ, ಕಷ್ಟ ಬಂದಾಗ ಜನ ಮರುಬಳಕೆ ಕಲಿಯುತ್ತಾರೆ, ಒಮ್ಮೆ ಕಲಿತದ್ದನ್ನು ಮರೆಯುವುದಿಲ್ಲ ಎಂದರು ಒಬ್ಬ ಭಾಷಣಕಾರರು. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಮರುದಿನ ಬೆಳಿಗ್ಗೆ ಬಾಗಲಕೋಟೆ ಬಸ್ಸಿಗೆ ಕಾಯುತ್ತಿದ್ದಾಗ ಕಂಡದ್ದು ಈ ಬೆನ್ನು.

ಹೌದು, ಮೊದಲು ಕಂಡದ್ದು ಬೆನ್ನೇ. ಅದೇ ಅಗಲ. ಎಡಭುಜ ತುಸು ಇಳಿಬಿಟ್ಟು ನಿಲ್ಲುವ ಅದೇ ರೀತಿ. ಕೈ ಮೇಲೆತ್ತಿ ಕಪ್ಪು ಬಾಯಿಗಿಟ್ಟಾಗ ತೋಳಿನ ತುದಿಯ ಗಿಣಿಹಸಿರು ಕಂಡಿತು. ಸುತ್ತಲಿನ ಗದ್ದಲವೆಲ್ಲ ಯಾರೋ ಬಾಗಿಲು ಮುಚ್ಚಿದಂತೆ ದೂರವಾಯಿತು.

ಅವರ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಮೈದುನ ಮಲಪ್ರಭೆಗೆ ಒಯ್ದಿದ್ದ. ‘ಹೊಳಿಗೆ ಬಿಟ್ಟು ಬಂದೆ ವೈನಿ’ ಎಂದಿದ್ದ. ಹಾಗೆ ಬಿಟ್ಟರೆ ಹೋದವರು ಹಿಂದಿರುಗಿ ನೋಡುವುದಿಲ್ಲ ಅನ್ನುವುದು ನಮ್ಮತ್ತೆಯವರ ನಂಬಿಕೆ.

ಆ ಬೆನ್ನು ಇಳಕಲ್ಲಿನ ಬಸ್ಸು ಹತ್ತಿತು. ನಾನೂ ಹತ್ತಿದೆ. ಯಾಕೆ ಎಂದು ಕೇಳಬೇಡಿ. ಹಿಂದಿನ ಸೀಟಿನಲ್ಲೇ ಕುಳಿತೆ. ಗುಳೇದಗುಡ್ಡದವರೆಗೂ ಆ ಕುತ್ತಿಗೆಯನ್ನೇ ನೋಡುತ್ತಿದ್ದೆ. ವಾಸನೆ ಮಾತ್ರ ಅವರದಲ್ಲ. ಹೊಗೆ, ಒಗ್ಗರಣೆ, ಕರಿದ ಎಣ್ಣೆ. ನನಗೇ ತಿಳಿಯದಂತೆ ನನ್ನ ಬೆರಳು ಅದರ ಕೊರಳಪಟ್ಟಿಯ ಮೇಲಿತ್ತು.

ಬೆನ್ನು ಹಿಂದಿರುಗಿ ನೋಡಿತು.

ಬೇರೆಯೇ ಮುಖ. ನಲವತ್ತರ ಆಸುಪಾಸು, ದಪ್ಪ ಮೀಸೆ. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. (ಯಾವ ಮುಖ ಇರಲಿ ಅಂದುಕೊಂಡಿದ್ದೆ? ಬರೆಯಲು ಧೈರ್ಯವಿಲ್ಲ.)

ಸ್ವೆಟರು ಎಲ್ಲಿ ತೆಗೆದುಕೊಂಡಿರಿ ಎಂದು ಕೇಳಿದೆ. ಮಾಂತೇಶ ಎಂದು ಹೆಸರು ಹೇಳಿದರು. ಇಳಕಲ್ಲಿನವರು, ಮದುವೆ ಅಡಿಗೆ ಮಾಡುವವರು. ಲಾಕ್‌ಡೌನ್ ಆದ ಮೇಲೂ ಬಹಳ ದಿನ ದೊಡ್ಡ ಮದುವೆಗಳಿರಲಿಲ್ಲ, ಕೆಲಸವಿರಲಿಲ್ಲ. ಚಳಿಗೆ ಹೊಸದು ಕೊಳ್ಳುವ ಮಾತೇ ಇರಲಿಲ್ಲ. ಆಗ ಅವರ ಓಣಿಯ ಹನಮವ್ವ ಹಳೆಯ ಬಟ್ಟೆ ಮಾರುತ್ತಿದ್ದಳಂತೆ. ಅವಳ ಹತ್ತಿರ ತೆಗೆದುಕೊಂಡದ್ದು. ಈಗ ಕೈತುಂಬ ಕೆಲಸ.

“ಹೊಸಾವು ಎರಡು ಅದಾವ್ರಿ ಅಕ್ಕಾರ. ಖರೆ ಇದರಷ್ಟು ಬೆಚ್ಚಗಿಲ್ಲ.”

ಇದನ್ನು ನಮ್ಮವರಿಗೆಂದು ನಾನೇ ಹೆಣೆದದ್ದು ಎಂದೆ. ಅವರ ಕೈ ಸ್ವೆಟರಿನ ಅಂಚಿಗೆ ಹೋಯಿತು. ಮೈಮೇಲೆ ಹುಳ ಹರಿದವರ ಹಾಗೆ ಎರಡೇ ಬೆರಳಲ್ಲಿ ಅಂಚು ಹಿಡಿದು, ದನಿ ತಗ್ಗಿಸಿ ಕೇಳಿದರು.

“ಅವರು… ಅದಾರಿಲ್ರಿ?”

ಇಲ್ಲ ಎಂದರೆ ಆ ಕ್ಷಣವೇ ಬಿಚ್ಚಿ ನನ್ನ ಮಡಿಲಿಗೆ ಹಾಕುತ್ತಿದ್ದರು. ನನಗೂ ಅದು ಬೇಕಿತ್ತು. ಆದರೆ ಮನೆಗೆ ಒಯ್ದು ಏನು ಮಾಡಲಿ? ಕಪಾಟಿನಲ್ಲಿಟ್ಟು ಬಾಗಿಲು ಹಾಕಲೇ? ಇಲ್ಲಿ ಅದರೊಳಗೆ ಒಂದು ಜೀವ ಉಸಿರಾಡುತ್ತಿತ್ತು.

“ಅದಾರ. ಬಾಗಲಕೋಟಿಯಾಗ ಅದಾರ. ದಪ್ಪ ಆಗ್ಯಾರ, ಇದು ಹಿಡಿಯಂಗಿಲ್ಲ ಅವರಿಗೆ” ಎಂದೆ.

ಮಾಂತೇಶ ಅಂಚು ಬಿಟ್ಟರು. ನಕ್ಕರು. ನಮಸ್ಕಾರ ತಿಳಿಸಿ ಎಂದರು. ತಿಳಿಸುತ್ತೇನೆ ಎಂದೆ. ಇಳಕಲ್ಲು ಬರುವವರೆಗೂ ಆ ನಮಸ್ಕಾರ ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಕುಳಿತೇ ಇತ್ತು. (ಮಾಂತೇಶ, ಹನಮವ್ವ ಎರಡೂ ಬದಲಿಸಿದ ಹೆಸರು. ನಾನು ಹೇಳಿದ್ದು ಸುಳ್ಳೆಂದು ಮಾಂತೇಶರಿಗೆ ತಿಳಿಯದಿರಲಿ.)

ಇಳಕಲ್ಲಿನಲ್ಲಿ ಓಣಿ ಕೇಳಿಕೊಂಡು ಹೋದೆ, ಹನಮವ್ವ ಮನೆಯಲ್ಲೇ ಸಿಕ್ಕಳು. ಹಳೆಯ ಬಟ್ಟೆಯ ಮಾತೆತ್ತಿದ ಕೂಡಲೇ ಎದ್ದು, ಹೊರಗಿನವರಿಗೆ ಕೇಳದಂತೆ ತಲೆಬಾಗಿಲು ಮುಂದೆ ಮಾಡಿದಳು. ಜಗಳಕ್ಕೆ ಬಂದವಳಲ್ಲ, ನನಗೆ ತಿಳಿಯಬೇಕಷ್ಟೆ ಎಂದು ಸ್ವೆಟರಿನ ಕಥೆ ಹೇಳಿದೆ. ಅವಳಿಗೆ ಸುಳ್ಳು ಹೇಳಲಿಲ್ಲ. ನಿಧಾನಕ್ಕೆ ಬಾಯಿಬಿಟ್ಟಳು.

ಗಂಡನಿಗೆ ಗ್ರಾನೈಟ್ ಪಾಲಿಶ್ ಮಾಡುವ ಫ್ಯಾಕ್ಟರಿಯಲ್ಲಿ ಕೆಲಸ. ಹೊರದೇಶದ ಆರ್ಡರು ನಿಂತು ಫ್ಯಾಕ್ಟರಿ ಮುಚ್ಚಿತು. ಇವಳು ನೇಯುತ್ತಿದ್ದ ಸೀರೆಯನ್ನೂ ಕೇಳುವವರಿಲ್ಲದೆ ಮಗ್ಗ ನಿಂತಿತು. ಯಾರದೋ ದಿನಕರ್ಮಕ್ಕೆ ಹೊಳೆಗೆ ಹೋದಾಗ ದಂಡೆಯ ತುಂಬ ಬಿದ್ದ ಬಟ್ಟೆ ಕಂಡಳು. ಮರುದಿನ ಚೀಲ ಹಿಡಿದು ಒಬ್ಬಳೇ ಹೋದಳು. ತಂದದ್ದನ್ನು ಸೋಡಾ ಹಾಕಿ ಕುದಿಸಿ ಒಗೆದಳು. ಗಟ್ಟಿ ಇದ್ದವು ಮಾರಾಟಕ್ಕೆ, ಹರಿದ ಸೀರೆಗಳು ಹೊದೆಯುವ ಕೌದಿ ಹೊಲಿಯಲು, ಉಳಿದ ಚಿಂದಿ ಗ್ಯಾರೇಜಿನವರಿಗೆ. ಒಂದು ದಾರವೂ ವ್ಯರ್ಥವಾಗುತ್ತಿರಲಿಲ್ಲ. ದಂಡೆ ಅಂಗಳದಂತೆ ಚೊಕ್ಕಟವಾಗಿತ್ತಂತೆ.

ಅಂಜಿಕೆ ಆಗುತ್ತಿರಲಿಲ್ಲವೇ ಎಂದೆ.

“ಆಗತಿತ್ರಿ ಬಾಯಾರ. ಹಿಂಡುವಾಗ ಅರಿಬಿ ತಿರುಗಿ ನನ್ನ ಕೈ ಹಿಂಡಿದಂಗ ಆಗತಿತ್ತು. ಯಾರರೆ ಇರ್ರಿ, ನನ್ನ ಮಕ್ಕಳು ಉಣ್ಣಬೇಕು, ಸಿಟ್ಟಾಗಬ್ಯಾಡ್ರಿ ಅಂತ ಅವಕ್ಕ ಹೇಳಿ ಹೇಳಿ ಒಗಿತಿದ್ದೆ.”

ಒಮ್ಮೆ ಹಗ್ಗದ ಮೇಲೆ ಒಣಹಾಕಿದ್ದ ಅಂಗಿಗಳಿಗೆಲ್ಲ ಒಟ್ಟಿಗೆ ಗಾಳಿ ತುಂಬಿಕೊಂಡು, ಸಾಲಾಗಿ ಜನ ನಿಂತು ತನ್ನ ಮನೆಯೊಳಗೆ ಇಣುಕಿದಂತೆ ಕಂಡಿತಂತೆ. ಅಂದು ಅವಳು ಬಾಗಿಲು ಹಾಕಿಕೊಂಡು ಅತ್ತಳಂತೆ. ಕತ್ತಲಾಗುವ ಮೊದಲು ಹೊರಗೆ ಬಂದು ಅವನ್ನೆಲ್ಲ ಮಡಚಿಟ್ಟಳಂತೆ.

ಈಗ ಆ ಕೆಲಸ ಯಾಕೆ ಬಿಟ್ಟೆ ಎಂದು ಕೇಳಿದೆ.

ಈಗ ಫ್ಯಾಕ್ಟರಿಗೆ ಆರ್ಡರು ಬಂದಿವೆ, ಗಂಡ ಪಗಾರ ತರುತ್ತಾನೆ. ಮಗಳಿಗೆ ವರ ನೋಡುತ್ತಿದ್ದಾರೆ. ಇನ್ನು ಹೊಳೆಯ ಕಡೆ ಕಾಲಿಟ್ಟರೆ ನೋಡು ಎಂದು ಗಂಡ ತಾಕೀತು ಮಾಡಿದ್ದಾನೆ. ಕೊಳ್ಳುವವರೂ ಇಲ್ಲ, ಹೊಸವೇ ಅಗ್ಗಕ್ಕೆ ಸಿಗುತ್ತವೆ.

“ಹೊಟ್ಟಿ ತುಂಬಿದ ಮ್ಯಾಲೆ ಹೆಣದ ಅರಿಬಿ ಯಾರು ಮುಟ್ಟತಾರ್ರಿ?” ಎಂದಳು.

ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡಳು. ತಪ್ಪಾಯಿತು ಅನ್ನಲಿಲ್ಲ. ನಾನೂ ಅನ್ನಿಸಿಕೊಳ್ಳಲು ಹೋಗಿರಲಿಲ್ಲ.

ವಾಪಸು ಬರುವಾಗ ದಾರಿಯಲ್ಲಿ ಮಲಪ್ರಭೆ. ಹೊಳೆಯ ಹತ್ತಿರ ಇಳಿದು ದಂಡೆಗೆ ನಡೆದೆ. ನಡುಮಧ್ಯಾಹ್ನದ ಬಿಸಿಲು, ಯಾರೂ ಇರಲಿಲ್ಲ. ಇರಲಿಲ್ಲ ಅಂದೆನೇ? ಅಂಚಿನ ನೀರಿನ ತುಂಬ ಬಟ್ಟೆಗಳಿದ್ದವು. ಬಂಡೆಯನ್ನು ತಬ್ಬಿಕೊಂಡ ಒಂದು ಸೀರೆ. ನೀರು ತುಂಬಿ ಉಬ್ಬಿದ ತೋಳುಗಳು ಏಳುತ್ತಿದ್ದವು, ಬೀಳುತ್ತಿದ್ದವು, ಹತ್ತಿರ ಕರೆಯುತ್ತಿದ್ದವು. ಕೆಸರಿನಲ್ಲಿ ಹೂತ ಒಂದು ಪ್ಯಾಂಟು ಸೊಂಟದವರೆಗೆ ಮಾತ್ರ ಮೇಲಿತ್ತು, ಯಾರೋ ಒಳಗಿಂದ ಏಳಲು ನೋಡುತ್ತಿರುವ ಹಾಗೆ. ಕೆಲವು ಗಂಟುಗಳಂತೂ ಬಿಚ್ಚಿಯೇ ಇರಲಿಲ್ಲ.

ಕಷ್ಟ ಕಲಿಸುತ್ತದೆ ಎಂದು ಚಪ್ಪಾಳೆ ತಟ್ಟಿ ಬಂದಿದ್ದೆನಲ್ಲ? ಹನಮವ್ವ ಕಲಿಯಲಿಲ್ಲ, ಸಹಿಸಿದಳು. ಸಹಿಸಿದ್ದನ್ನು ಯಾರಾದರೂ ಒಳ್ಳೆಯ ಕಾಲಕ್ಕೂ ಹೊತ್ತುಕೊಂಡು ಹೋಗುತ್ತಾರೆಯೇ? ಮರುಬಳಕೆ ಅನ್ನುವುದು ಮರ್ಯಾದೆಯ ಕೆಲಸವಾಗಿದ್ದರೆ ಬಿಡುತ್ತಿರಲಿಲ್ಲವೇನೋ. ಊರಿಗೆ ನಾಲ್ಕು ದುಡ್ಡು ಬಂತು. ಮೊದಲು ಕೈಬಿಟ್ಟದ್ದು ಹೊಳೆಯನ್ನು.

ನಮ್ಮ ಹೊಳೆ ಚೊಕ್ಕಟವಾಗಿರಬೇಕೆಂದರೆ ಯಾರದಾದರೂ ಮನೆಯ ಒಲೆ ಆರಿರಲೇಬೇಕೇ?