ಮೇಡಂ ಬಸ್ ಹತ್ತಿದ್ರು

ನಮ್ಮ ಕಂಪನಿ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಬರೆದುಕೊಡುತ್ತದೆ. ರಾಜ್ಯದ ಉದ್ದಗಲಕ್ಕೂ ಅದರ ಕಚೇರಿಗಳಿವೆ. ಕೆಲಸದ ರೀತಿ ಎಲ್ಲ ಕಡೆ ಒಂದೇ ಆಗಿರಬೇಕು, ಸುಧಾರಿಸುತ್ತಲೂ ಇರಬೇಕು. ಅದನ್ನು ನೋಡಿಕೊಳ್ಳುವುದು ನನ್ನ ಉದ್ಯೋಗ. ಸಾಗರ, ಹೊಸನಗರ, ತೀರ್ಥಹಳ್ಳಿ ನನ್ನ ಪಾಲಿಗೆ ಬಂದಿದ್ದವು.

ನಾನು ತಂದ ನಿಯಮ ಸರಳವಾಗಿತ್ತು. ಒಂದು ಕಚೇರಿಯವರು ಬರೆದ ಪ್ರೋಗ್ರಾಮನ್ನು ಗ್ರಾಹಕರಿಗೆ ಕಳಿಸುವ ಮೊದಲು ಇನ್ನೊಂದು ಕಚೇರಿಯವರು ಓದಿ, ತಪ್ಪಿದ್ದರೆ ಹೇಳಬೇಕು. ಇದಕ್ಕೆ ರಿವ್ಯೂ ಎನ್ನುತ್ತೇವೆ. ಸರಳವಾದದ್ದನ್ನು ಹಾಗೇ ಬಿಟ್ಟರೆ ನನ್ನ ಹುದ್ದೆಗೆ ಬೆಲೆ ಏನು? ಓದಿದವರು ಉತ್ತರಿಸಲೆಂದು ನಲವತ್ತು ಪ್ರಶ್ನೆಗಳನ್ನೂ ಸೇರಿಸಿದೆ. ಮೂರೂ ಊರಿನಲ್ಲಿ ತರಬೇತಿ ಕೊಟ್ಟೆ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಿದರೆ ಒಪ್ಪಿದರು ಎಂದು ನಂಬುವಷ್ಟು ಅನುಭವ ನನಗಿತ್ತು.

ಆಮೇಲೆ ಯಾವಾಗ ಹೋದರೂ ಎಲ್ಲ ಅಚ್ಚುಕಟ್ಟು. "ಸುಧಾರಣೆ ಬೇರೂರಿದೆ" ಎಂದು ಮುಖ್ಯ ಕಚೇರಿಗೆ ವರದಿ ಬರೆದೆ. ಅವರು ಹೊಗಳಿದರು. ಆ ಉತ್ಸಾಹದಲ್ಲಿ ಮನೆಯ ಅಡುಗೆ ಕೆಲಸಕ್ಕೂ ನಿಯಮ ಮಾಡಲು ಹೊರಟು ಗಂಡನಿಂದ ಬೈಸಿಕೊಂಡೆ.

ಒಂದು ದಿನ ಸಾಗರದ ಕೆಲಸ ಮುಗಿಸಿ ಹೊಸನಗರದ ಬಸ್ ಹತ್ತಿದ್ದೆ. ಸಾಗರ ಕಚೇರಿಯ ಮುಖ್ಯಸ್ಥರಿಂದ ಫೋನಿಗೆ ಮೆಸೇಜು ಬಂತು: "ಮೇಡಂ ಬಸ್ ಹತ್ತಿದ್ರು. ರಿವ್ಯೂ ಬೇಗ ತುಂಬ್ರಿ ಮಾರಾಯ್ರೆ." ಹೊಸನಗರದವರಿಗೆ ಹೋಗಬೇಕಾದದ್ದು ತಪ್ಪಿ ನನಗೆ ಬಂದಿತ್ತು. ಓದಿ ಮುಗಿಸುವಷ್ಟರಲ್ಲಿ ಅವರು ಅಳಿಸಿಬಿಟ್ಟರು. ನನ್ನ ಕಿವಿ ಬಿಸಿಯಾಯಿತು. ಮೂರು ಊರುಗಳ ನಡುವೆ ಹೊಂದಾಣಿಕೆ ತಂದವಳು ನಾನೇ ಎಂದು ಬೀಗುತ್ತಿದ್ದೆನಲ್ಲ! ಹೊಂದಾಣಿಕೆಯೇನೋ ಇತ್ತು, ನನ್ನ ಬಸ್ಸಿನ ವಿಚಾರದಲ್ಲಿ.

ಹೊಸನಗರದ ಕಚೇರಿ ನೋಡಿಕೊಳ್ಳುವ ಪ್ರೋಗ್ರಾಮರ್ ನನಗಿಂತ ಚಿಕ್ಕವಳು. ಬಾಗಿಲಲ್ಲೇ, "ಬಂದ್ರಾ ಮೇಡಂ? ಕಾಫಿ ತರಿಸ್ಲಾ?" ಎಂದಳು.

"ತರಿಸಮ್ಮ. ನಾನು ಬಸ್ ಹತ್ತಿದ್ದು ನಿಂಗೆ ಗೊತ್ತಾಯ್ತಾ?"

ಅವಳ ನಗು ನಿಂತಿತು. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. "ಸಿಟ್ಟು ಮಾಡ್ಕೋಬೇಡಿ ಮೇಡಂ. ನೀವು ಬರ್ತೀರಿ ಅಂದ್ರೆ ಎಲ್ಲದಕ್ಕೂ ಹೌದು ಅಂತ ಒತ್ತಿಬಿಡ್ತೀವಿ. ಓದೋಕೆ ಟೈಮ್ ಎಲ್ಲಿದೆ? ಕೆಲಸ ಹಂಚುವಾಗ ರಿವ್ಯೂಗೆ ಅಂತ ನೀವು ಒಂದು ಗಂಟೆನೂ ಇಟ್ಟಿಲ್ಲ."

"ಪ್ರಶ್ನೆಗಳಾದ್ರೂ ಉಪಯೋಗಕ್ಕೆ ಬಂದ್ವಾ?"

"ಎರಡು ಚೆನ್ನಾಗಿವೆ."

ಉಳಿದವುಗಳ ಪರವಾಗಿ ವಾದಿಸಲು ಕೂತೆ. ಒಂದನ್ನು ಗಟ್ಟಿಯಾಗಿ ಓದಿದೆ, ನನಗೇ ಅರ್ಥವಾಗಲಿಲ್ಲ. ಇನ್ನೊಮ್ಮೆ ಓದಿದೆ. ಅವಳು ಮರ್ಯಾದೆಗೆ ಕಿಟಕಿಯ ಕಡೆ ನೋಡುತ್ತಿದ್ದಳು.

ಅಂದೇ ಪ್ರಶ್ನೆಗಳನ್ನು ಎರಡಕ್ಕೆ ಇಳಿಸಿದೆವು. ವಾರದಲ್ಲಿ ಒಂದು ಮಧ್ಯಾಹ್ನ ರಿವ್ಯೂಗೇ ಮೀಸಲೆಂದು ಮುಖ್ಯ ಕಚೇರಿಯಿಂದ ಒಪ್ಪಿಗೆ ತಂದೆ. ತಪಾಸಣೆಗೆ ಹೋಗುವುದನ್ನು ನಿಲ್ಲಿಸಿದೆ. ಇದು ಎಲ್ಲಕ್ಕಿಂತ ಕಷ್ಟವಾಯಿತು. ನಾನಿಲ್ಲದೆ ಕೆಟ್ಟುಹೋದರೆ ಎಂಬ ಭಯವಿತ್ತು, ಕೆಡದೇ ಇದ್ದರೆ ಎಂಬ ಭಯ ಅದಕ್ಕಿಂತ ದೊಡ್ಡದಿತ್ತು.

ಸ್ವಲ್ಪ ಕೆಟ್ಟಿತು. ತೀರ್ಥಹಳ್ಳಿಯವರು ಅವಸರದಲ್ಲಿ ಯಾರಿಗೂ ತೋರಿಸದೆ ಒಂದು ಬದಲಾವಣೆ ಕಳಿಸಿದರು. ಸಂಘವೊಂದರ ವಾರ್ಷಿಕ ಸಭೆಯ ಆಹ್ವಾನದಲ್ಲಿ ಸದಸ್ಯರೆಲ್ಲರ ಹೆಸರಿನ ಹಿಂದೆ "ದಿವಂಗತ" ಎಂದು ಅಚ್ಚಾಯಿತು. ಸಾಗರದ ಮುಖ್ಯಸ್ಥರು ಅವರಿಗೆ ಫೋನ್ ಮಾಡಿ, "ಯಾರಿಗೂ ತೋರಿಸ್ದೆ ಕಳ್ಸಿದ್ರಾ? ಇನ್ಮೇಲೆ ನಾವು ನೋಡ್ದೆ ಏನೂ ಹೊರಗೆ ಹೋಗ್ಬಾರ್ದು" ಎಂದು ಗದರಿದರಂತೆ. ನಾನು ಅಷ್ಟು ಸ್ಲೈಡು ತೋರಿಸಿ ಹೇಳಿದ್ದು ಇದನ್ನೇ. ತೀರ್ಥಹಳ್ಳಿಯವರು ಅವತ್ತಿನಿಂದ ತಪ್ಪದೆ ತೋರಿಸುತ್ತಿದ್ದಾರೆ. ಇದೆಲ್ಲ ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ, ಯಾರೋ ನಗುತ್ತ ಹೇಳಿದಾಗ. ಸಂತೋಷವಾಯಿತು. ನನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಹೊಟ್ಟೆಯುರಿಯೂ ಆಯಿತು.

ಸುಧಾರಣೆ ಉಳಿದದ್ದು ಹೇಗೆಂದು ಭಾಷಣ ಮಾಡಲು ಮುಖ್ಯ ಕಚೇರಿ ನನ್ನನ್ನು ಕರೆಯಿತು. ನಾನು ಹೋಗುವುದು ಬಿಟ್ಟೆ, ಉಳಿಯಿತು ಎನ್ನಲು ಧೈರ್ಯ ಸಾಲದೆ ಏನೇನೋ ದೊಡ್ಡ ಪದ ಬಳಸಿದೆ. ಚಪ್ಪಾಳೆ ಬಿತ್ತು. ಇನ್ನಷ್ಟು ಊರು ಕೊಟ್ಟರು. ಅಲ್ಲಿಗೆ ಏನೇನು ತೆಗೆದುಕೊಂಡು ಹೋಗಲಿ ಎಂದು ಹೊಸನಗರದವಳನ್ನು ಕೇಳಿದೆ.

"ಕಮ್ಮಿ ತಗೊಂಡು ಹೋಗಿ ಮೇಡಂ" ಎಂದಳು. ಮೊದಲ ಊರಿಗೆ ಅವಳನ್ನೂ ಜೊತೆಗೆ ಕರೆದಿದ್ದೇನೆ.