ಹೊಸ್ತಿಲಾಚೆ ಕುಳಿತು ಹಾಲುಣಿಸಿದಾಕೆ

ನಿಜಾಮರ ಆಳ್ವಿಕೆ ಮುಗಿದ ಹೊಸತರಲ್ಲಿ, ದೋರನಹಳ್ಳಿಯ ನಮ್ಮ ಕುರುಬರ ಕೇರಿಗೆ ಊರಾಚೆಯ ಕೇರಿಯ ಕ್ರೈಸ್ತ ಸೂಲಗಿತ್ತಿಯೊಬ್ಬಳು ಬರುತ್ತಿದ್ದಳು. ಆಕೆ ಹೊಸ್ತಿಲು ದಾಟುವಂತಿರಲಿಲ್ಲ, ಹೆರಿಗೆಯೂ ಹೊರಗಿನ ಕುರಿದೊಡ್ಡಿಯಲ್ಲೇ. ಬಾಯಾರಿದರೆ ಆಕೆ ಬೊಗಸೆಯೊಡ್ಡಬೇಕು, ನಾವು ಮುಟ್ಟದೆ ಮೇಲಿನಿಂದ ನೀರು ಸುರಿಯಬೇಕು. ಕುಡಿದು, ಕೊರಳ ಶಿಲುಬೆ ಮುಟ್ಟಿಕೊಂಡು, "ಯೇಸಪ್ಪ ನಿಮ್ಮ ಮನಿ ತಣ್ಣಗಿಡ್ಲಿ" ಅನ್ನುವಳು. ಪ್ರತಿಸಲವೂ ಅದೇ ಮಾತು.

ತಂಗಿ ಹುಟ್ಟಿದ ಮರುದಿನ ಅವ್ವ ಜ್ವರವೇರಿ ಮಲಗಿದಳು, ಎದೆಹಾಲು ಬತ್ತಿತು. ಆಡಿನ ಹಾಲು ಕೂಸಿಗೆ ದಕ್ಕಲಿಲ್ಲ. ಸೂಲಗಿತ್ತಿ ಬೆನ್ನಿಗೆ ಕಟ್ಟಿದ್ದ ತನ್ನ ಕೂಸನ್ನು ಇಳಿಸಿ, ಹೊಸ್ತಿಲಾಚೆ ಕುರಿದೊಡ್ಡಿಯಲ್ಲಿ ಕುಳಿತು, ನಮ್ಮ ತಂಗಿಯನ್ನು ಎದೆಗೆ ಹಚ್ಚಿಕೊಂಡಳು. ಅಲ್ಲಿಂದ ದಿನವೂ ಬಂದಳು. ಮೊದಲು ನಮ್ಮ ಕೂಸಿಗೆ, ಉಳಿದದ್ದು ತನ್ನದಕ್ಕೆ.

ಕುರಿ ಕಾಯುತ್ತಲೇ ಮುದುಕಿಯಾದ ನಮ್ಮಜ್ಜಿ ಬೆರಗಾಗಿ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದಳು: "ಬ್ಯಾರೆ ಮರಿಗಿ ಹಾಲು ಕುಡಸಬೇಕಂದ್ರ ಕುರಿ ಕಾಲು ಕಟ್ಟಬೇಕಾಗ್ತದ. ನಿನ್ನ ಯಾರು ಕಟ್ಟ್ಯಾರ?"

"ಯೇಸಪ್ಪ ಕಟ್ಟ್ಯಾನ್ರಿ. ಬಿಡಿಸ್ಕೊಳ್ಳಾಕ ನನಗ ಮನಸಿಲ್ಲ."

ಅಜ್ಜಿ ಒಳಗೆ ಹೋದಳು. ನಮ್ಮ ಕುಲದೈವ ಬೀರದೇವರಿಗಲ್ಲದೆ ಯಾರಿಗೂ ಹಾಸದ ಕರಿಕಂಬಳಿಯನ್ನು ನಡುಮನೆಯಲ್ಲಿ ಹಾಸಿ, ಬಾಗಿಲಿಗೆ ಬಂದು ನಿಂತಳು.

"ಒಳಗ ಬಾರವ್ವ. ಇಲ್ಲಿ ಕುಂತು ಕುಡಸು."