ಮಂಜನ ಮೈನಸ್ಸು

ಸ್ನೇಹಿತರೇ, ಇವತ್ತು ಬೆಳಿಗ್ಗೆ ಚನ್ನಪಟ್ಟಣದ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದಿಂದ ಮಂಜನನ್ನು ಕೈಬಿಟ್ಟರು. ಹೊಸ ಕೋಚ್ ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿದರು. ಒಬ್ಬ ಆಟಗಾರ ಕೋರ್ಟಿನಲ್ಲಿದ್ದಷ್ಟು ಹೊತ್ತು ತಂಡ ಎಷ್ಟು ಪಾಯಿಂಟ್ ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು ಎಂಬ ಲೆಕ್ಕ ಅದರಲ್ಲಿತ್ತು. ಎಲ್ಲರಿಗಿಂತ ಮೇಲೆ ನಾನು, ಎಲ್ಲರಿಗಿಂತ ಕೆಳಗೆ ಮಂಜ.

"ಮ್ಯಾಚು ಕೈಬುಟ್ಟೋಗೋವಾಗ್ಲೇ ಸಾ ಅವನ್ನ ಕೋರ್ಟಿಗೆ ಇಳ್ಸೋದು. ಎದುರು ಟೀಮಿನ ಗಟ್ಟಿ ಆಳನ್ನ ತಡ್ಯೋಕೆ ಬ್ಯಾರೆ ಯಾರೂ ಒಪ್ಪಲ್ಲ" ಅಂದೆ.

"ಅದಕ್ಕೆ ಇದರಲ್ಲಿ ಕಾಲಂ ಇಲ್ಲಪ್ಪ" ಅಂದರು ಕೋಚ್.

ಮಂಜ ಜಗಳ ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ತನ್ನ ಹೆಸರಿನ ಮುಂದಿದ್ದ ಕೆಂಪು ಮೈನಸ್ ಅಂಕಿಯನ್ನೇ ನೋಡುತ್ತ, "ಬುಡ್ಲಾ, ಕಂಪ್ಯೂಟ್ರಲ್ಲೇ ಹಂಗೈತೆ ಅಂದ್ಮೇಲೆ ನಿಜ ಇರ್ಬೋದು" ಎಂದು ಶೂ ಬಿಚ್ಚಿ ಚೀಲಕ್ಕೆ ಹಾಕಿಕೊಂಡ.

ಸಂಜೆ ಕನಕಪುರದವರ ಮೇಲೆ ಮ್ಯಾಚಿತ್ತು. ಅರ್ಧದಲ್ಲೇ ಹಿಂದೆ ಬಿದ್ದೆವು. ಅಭ್ಯಾಸಬಲದಿಂದ "ಮಂಜ, ಬಾರ್ಲಾ" ಎಂದು ಬೆಂಚಿನ ಕಡೆ ತಿರುಗಿದೆ. ಅವನ ಜಾಗದಲ್ಲಿ ಲ್ಯಾಪ್‌ಟಾಪ್ ಕೂತಿತ್ತು. ಅವರ ಗಟ್ಟಿ ಆಳನ್ನು ತಡೆಯಲು ಕೊನೆಗೆ ನಾನೇ ನಿಂತೆ.

ಸೋತೆವು. ಇವತ್ತಿನ ಲೆಕ್ಕದಲ್ಲಿ ಎಲ್ಲರಿಗಿಂತ ಕೆಳಗೆ ನಾನು. "ನಾಳೆ ಒಸಿ ಬೇಗ ಬಾ, ಮಾತಾಡ್ಬೇಕು" ಎಂದು ಕೋಚ್ ಈಗ ಮೆಸೇಜ್ ಹಾಕಿದ್ದಾರೆ. ಶೂ ಹಾಕಿಕೊಂಡು ಹೋಗುವುದೋ, ಚಪ್ಪಲಿ ಸಾಕೋ ಗೊತ್ತಾಗುತ್ತಿಲ್ಲ.